ಎರಡು ಸಾವಿರ ಸಲ ಸತ್ತು ಹತ್ತಿದ ಬೆಟ್ಟ

ಬೆಟ್ಟದ ರೋಪ್‌ವೇ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಕೆಳಗೆ ಕಣಿವೆ. ಒಳಗಿರುವ ಮ್ಯಾಡಲಿನ್‌ಗೆ ಉಸಿರು ಸಿಕ್ಕುತ್ತಿಲ್ಲ. ಜೊತೆಗಿದ್ದ ಥಿಯೋ ತನ್ನ ಅಜ್ಜ ಕಲಿಸಿದ ಉಪಾಯ ಹೇಳುತ್ತಾನೆ. ಕಣ್ಣೆದುರು ಒಂದು ಹಕ್ಕಿಗರಿ ತೇಲುತ್ತಿದೆ ಅಂದುಕೋ, ಅದು ಬೀಳದ ಹಾಗೆ ನಿಧಾನವಾಗಿ ಉಸಿರಾಡು. ಪರದೆಯ ಮೇಲೆ ಗರಿ ಮೂಡುತ್ತದೆ. ಬಟನ್ ಒತ್ತಿ ಹಿಡಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಗರಿಯ ಜೊತೆ ನಾನೂ ಉಸಿರು ಎಳೆದು ಬಿಡುತ್ತಿದ್ದೆ ಅಂತ ನನಗೆ ಗೊತ್ತಾದದ್ದು ಆ ದೃಶ್ಯ ಮುಗಿದ ಮೇಲೆ.

ಇದು ‘ಸೆಲೆಸ್ಟ್’ ಎಂಬ ವಿಡಿಯೋ ಗೇಮ್, ಬೆಟ್ಟ ಹತ್ತಲು ಹೊರಟ ಮ್ಯಾಡಲಿನ್ ಇದರ ನಾಯಕಿ. ಕೆನಡಾದ ಪುಟ್ಟ ತಂಡವೊಂದು 2018ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಇದರ ಮೊದಲ ರೂಪವನ್ನು ಕಟ್ಟಿದ್ದು ನಾಲ್ಕೇ ದಿನದಲ್ಲಿ. ಆಗ ಅದರಲ್ಲಿ ಬೆಟ್ಟ ಇತ್ತು, ಹತ್ತುವುದಿತ್ತು, ಅಷ್ಟೇ. ದೊಡ್ಡದಾಗಿ ಮಾಡುವಾಗ ಥಾರ್ಸನ್ ಅವರ ಸ್ವಂತ ಆತಂಕದ ಅನುಭವವೂ ಕಥೆಯೊಳಗೆ ಬಂತು.

ಆ ಗರಿಯ ಉಪಾಯ ಸುಮ್ನೆ ಕಟ್ಟಿದ್ದಲ್ಲ. ಗಾಬರಿಯಾದಾಗ ನಾವು ಬೇಗ ಬೇಗ ಉಸಿರಾಡುತ್ತೇವೆ. ಗಾಳಿ ಸಾಲುತ್ತಿಲ್ಲ ಅನ್ನಿಸುತ್ತದೆ. ನಿಜಕ್ಕೂ ಆಗುವುದೇ ಬೇರೆ. ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾದಾಗ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ‘ಅಯ್ಯೋ, ಏನೋ ಆಗ್ತಿದೆ’ ಅಂತ ಇನ್ನಷ್ಟು ಗಾಬರಿ. ಉಸಿರು ಇನ್ನಷ್ಟು ಜೋರು. ಉಸಿರನ್ನು ನಿಧಾನ ಮಾಡಿದರೆ ಈ ಸುತ್ತು ಮುರಿಯುತ್ತದೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಹೃದಯದ ಬಡಿತವೂ ಸ್ವಲ್ಪ ತಗ್ಗುತ್ತದೆ. ನಿಮಿಷಕ್ಕೆ ಸುಮಾರು 6 ಉಸಿರಿನ ಲೆಕ್ಕದಲ್ಲಿ ಇದರ ಮೇಲೆ ಸಾಕಷ್ಟು ಅಧ್ಯಯನಗಳು ನಡೆದಿವೆ.

ಆದರೆ ನನಗೆ ಗರಿಗಿಂತ ಹೆಚ್ಚು ಹಿಡಿಸಿದ್ದು ಎರಡನೇ ಅಧ್ಯಾಯ. ಅಲ್ಲಿ ಕನ್ನಡಿಯೊಂದು ಒಡೆದು ಮ್ಯಾಡಲಿನ್‌ಳಂಥದೇ ಇನ್ನೊಬ್ಬಳು ಹೊರಗೆ ಬರುತ್ತಾಳೆ. ನೇರಳೆ ಕೂದಲು, ಕೆಂಪು ಕಣ್ಣು. ‘ನಿನ್ನ ಕೈಲಾಗಲ್ಲ’ ಅನ್ನುವ ಒಳಗಿನ ದನಿಯೇ ಅವಳು. ಆಮೇಲೆ ಅಟ್ಟಿಸಿಕೊಂಡು ಬರುತ್ತಾಳೆ. ಅವಳಿಗೆ ಸ್ವಂತ ದಾರಿಯೇ ಇಲ್ಲ. ನೀವು ಎಲ್ಲಿ ಹಾರಿದಿರೋ ಅಲ್ಲೇ ಹಾರುತ್ತಾಳೆ, ಎಲ್ಲಿ ತಡವರಿಸಿದಿರೋ ಅಲ್ಲೇ ತಡವರಿಸುತ್ತಾಳೆ, ಒಂದೆರಡು ಕ್ಷಣ ತಡವಾಗಿ. ವಾಪಸ್ ತಿರುಗಿದರೆ ನಿಮ್ಮದೇ ಹಳೆಯ ಹೆಜ್ಜೆಗೆ ಡಿಕ್ಕಿ ಹೊಡೆದು ಸಾಯುತ್ತೀರಿ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಬೆಳಿಗ್ಗೆ ಆಡಿದ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸಾವಿನ ಮಾತು ಬಂತು. ಈ ಗೇಮ್‌ನಲ್ಲಿ ಸಾಯುವುದು ದೊಡ್ಡ ಸಂಗತಿಯೇ ಅಲ್ಲ. ಮುಳ್ಳು ತಾಗಿತು, ಸತ್ತಿರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಪರದೆಯ ಶುರುವಿನಲ್ಲಿ ನಿಂತಿರುತ್ತೀರಿ. ‘ಮೂರೇ ಲೈಫ್’ ಅನ್ನುವ ಲೆಕ್ಕವಿಲ್ಲ. ಎಷ್ಟು ಸಲ ಸತ್ತಿರಿ ಅಂತ ಮಾತ್ರ ಎಣಿಸುತ್ತದೆ, ಅದರ ಬಗ್ಗೆ ಹೆಮ್ಮೆಪಡಿ ಅಂತ ಒಂದು ಅಂಚೆ ಕಾರ್ಡನ್ನೂ ತೋರಿಸುತ್ತದೆ. ನನ್ನ ಎಣಿಕೆ ಎರಡು ಸಾವಿರ ದಾಟಿತ್ತು. ಹೆಮ್ಮೆಯೇನೂ ಆಗಲಿಲ್ಲ, ಹೆಬ್ಬೆರಳು ನೋವು ಬಂತು.

ಆತಂಕದ ಚಿಕಿತ್ಸೆಗೂ ಇದಕ್ಕೂ ಹತ್ತಿರದ ನಂಟಿದೆ. ಹೆದರಿಕೆಯ ಜಾಗದಿಂದ ತಪ್ಪಿಸಿಕೊಂಡಾಗ ತಕ್ಷಣ ಹಾಯೆನಿಸುತ್ತದೆ, ಅಲ್ವಾ? ತೊಂದರೆ ಇರುವುದೇ ಅಲ್ಲಿ. ಆ ಹಾಯೆನಿಸುವಿಕೆ ಮಿದುಳಿಗೆ ಬಹುಮಾನದ ಹಾಗೆ. ‘ಓಡಿದ್ದಕ್ಕೇ ಬದುಕಿದೆ’ ಅಂತ ಅದು ಕಲಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ಹಾಗಾಗಿ ಮನೋಚಿಕಿತ್ಸಕರು ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಹೇಳಿಕೊಡುತ್ತಾರೆ. ಲಿಫ್ಟ್ ಅಂದರೆ ಭಯವೇ? ಮೊದಲು ಅದರ ಮುಂದೆ ನಿಂತು ನೋಡಿ. ಆಮೇಲೆ ಬಾಗಿಲು ತೆರೆದೇ ಇದ್ದಾಗ ಒಳಗೆ ಕಾಲಿಡಿ. ನಂತರ ಒಂದೇ ಒಂದು ಮಹಡಿ. ಹಳೆಯ ಭಯ ಅಳಿಸಿಹೋಗುವುದಿಲ್ಲ. ‘ಇಲ್ಲಿ ಏನೂ ಆಗಲಿಲ್ಲ’ ಅನ್ನುವ ಹೊಸ ಪಾಠ ಅದರ ಪಕ್ಕದಲ್ಲಿ ಬೆಳೆಯುತ್ತದೆ.

ಮೆಟ್ಟಿಲಿನ ಎತ್ತರ ಎಲ್ಲರಿಗೂ ಒಂದೇ ಆದರೆ ಹೇಗೆ? ‘ಸೆಲೆಸ್ಟ್’ ಇದನ್ನು ಎರಡು ಬಗೆಯಲ್ಲಿ ನೋಡಿಕೊಂಡಿದೆ. ಒಂದು ಕಣ್ಣಿಗೆ ಬೀಳದ್ದು. ಬಂಡೆಯ ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಾರಲು ಬಿಡುತ್ತದೆ. ಗೋಡೆ ಒಂದೆರಡು ಪಿಕ್ಸೆಲ್ ದೂರವಿದ್ದರೂ ಅದನ್ನು ಒದ್ದು ಜಿಗಿಯಬಹುದು. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ‘ಸ್ವಲ್ಪದರಲ್ಲಿ ಬಚಾವಾದೆ’ ಅಂದುಕೊಳ್ಳುತ್ತಾರೆ.

ಇನ್ನೊಂದು ಕಣ್ಣೆದುರಿಗೇ ಇದೆ, ‘ಅಸಿಸ್ಟ್ ಮೋಡ್’. ಆಟದ ವೇಗವನ್ನು 50 ಶೇಕಡಾದವರೆಗೆ, ಹತ್ತು ಹತ್ತರಂತೆ, ಇಳಿಸಬಹುದು. ಗೋಡೆ ಹಿಡಿದಾಗ ಕೈ ಸೋಲದ ಹಾಗೆ ಮಾಡಬಹುದು. ಸಾವೇ ಬರದ ಹಾಗೂ ಮಾಡಬಹುದು. ಕೈ ನಡುಗುವವರು, ಕಣ್ಣು ಮಂದವಿರುವವರು, ನನ್ನಂತೆ ನಲವತ್ತು ದಾಟಿ ಕಂಟ್ರೋಲರ್ ಹಿಡಿದವರು, ಯಾರು ಬೇಕಾದರೂ. ಮೊದಮೊದಲು ‘ಮೊದಲ ಸಲ ಇದಿಲ್ಲದೆ ಆಡಿ ನೋಡಿ’ ಎಂಬ ಸಲಹೆಯೂ ಅಲ್ಲಿತ್ತು. ಒಂಥರಾ ಮೂಗುಮುರಿದ ಹಾಗೆ. 2019ರಲ್ಲಿ ಆ ಮಾತನ್ನು ತಿದ್ದಿದರು. ಇದು ಮೋಸ ಅನ್ನುವವರೂ ಇದ್ದಾರೆ. ನಾನಂತೂ ಏಳನೇ ಅಧ್ಯಾಯಕ್ಕೆ ವೇಗವನ್ನು 80ಕ್ಕೆ ಇಳಿಸಿದೆ. ಬೆಟ್ಟ ಅಷ್ಟೇ ಎತ್ತರವಿತ್ತು, ಮೆಟ್ಟಿಲು ಚಿಕ್ಕದಾಯಿತು. ಒಂದು ಕೊರತೆ ಮಾತ್ರ ಇದೆ. ಮಾತುಕತೆ ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಸರಳವೇ, ಆದರೂ ಓದಿಕೊಂಡೇ ಸಾಗಬೇಕು.

ಆರನೇ ಅಧ್ಯಾಯಕ್ಕೆ ಬಂದರೆ ಗರಿಯೇ ಕೈಕೊಡುತ್ತದೆ. ಮ್ಯಾಡಲಿನ್‌ಗೆ ಧೈರ್ಯ ಬಂದಿದೆ. ‘ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ’ ಅಂತ ತನ್ನ ಆ ಇನ್ನೊಬ್ಬಳಿಗೆ ಹೇಳುತ್ತಾಳೆ. ಅವಳು ಸಿಡಿದೇಳುತ್ತಾಳೆ. ಮ್ಯಾಡಲಿನ್ ಗರಿ ನೆನೆಸಿಕೊಂಡು ಉಸಿರು ಹಿಡಿಯಲು ನೋಡುತ್ತಾಳೆ. ಇನ್ನೊಬ್ಬಳು ಗರಿಯನ್ನೇ ಕತ್ತರಿಸಿ ಹಾಕುತ್ತಾಳೆ. ಮ್ಯಾಡಲಿನ್ ಬೆಟ್ಟದ ಬುಡದವರೆಗೂ ಬೀಳುತ್ತಾಳೆ.

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂದ ಕಥೆ ನಮಗೆಲ್ಲ ಗೊತ್ತು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಇದನ್ನೇ ಬಿಳಿ ಕರಡಿ ಇಟ್ಟುಕೊಂಡು ಪರೀಕ್ಷಿಸಿದರು. ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಿರಿ’ ಅಂದಾಗ, ಮೊದಲಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಕಾಡಿತು. ಉಸಿರಾಟದ ಅಭ್ಯಾಸವೂ ಹೀಗೇ. ಗಾಬರಿ ಬಂದಾಗ ಮೈಯನ್ನು ಸಮಾಧಾನಕ್ಕೆ ತರಲು ಒಳ್ಳೆಯದು. ಗಾಬರಿ ಬರಲೇಬಾರದು ಅಂತ ಅದನ್ನು ತಾಯತದ ಹಾಗೆ ಹಿಡಿದುಕೊಂಡರೆ, ಅದೂ ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗುತ್ತದೆ.

ಬುಡದಲ್ಲಿ ಬಿದ್ದವಳಿಗೆ ಬೆಟ್ಟದ ಅಜ್ಜಿ ಸಿಗುತ್ತಾಳೆ. ಆ ಇನ್ನೊಬ್ಬಳನ್ನು ಯಾಕೆ ಓಡಿಸುತ್ತೀಯ, ಯಾಕೆ ಹೆದರಿದ್ದಾಳೆ ಅಂತ ಕೇಳಬಾರದೇ ಅನ್ನುತ್ತಾಳೆ. ಈಗ ಆಟ ತಿರುಗುಮುರುಗಾಗುತ್ತದೆ. ಮ್ಯಾಡಲಿನ್ ಅಟ್ಟಿಸಿಕೊಂಡು ಹೋಗುತ್ತಾಳೆ, ಇನ್ನೊಬ್ಬಳು ಓಡುತ್ತಾಳೆ. ಕೊನೆಗೆ ಸುಸ್ತಾಗಿ ನಿಲ್ಲುತ್ತಾಳೆ.

ಅಲ್ಲಿಯವರೆಗೆ ಮ್ಯಾಡಲಿನ್ ಗಾಳಿಯಲ್ಲಿ ಒಂದೇ ಸಲ ನುಗ್ಗಬಲ್ಲವಳಾಗಿದ್ದಳು. ಶಕ್ತಿ ಇದ್ದರೆ ಕೂದಲು ಕೆಂಪು, ಮುಗಿದರೆ ನೀಲಿ. ಇಬ್ಬರೂ ಒಂದಾದ ಮೇಲೆ ಎರಡು ಸಲ ನುಗ್ಗಬಹುದು. ಕೂದಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಬುಡದಿಂದ ಹತ್ತಲು ಶುರುಮಾಡುತ್ತಾಳೆ.