ಪಿಯು ಬುಷ್ ಕೇಳುವ ಮೊದಲು ಬೋಲ್ಟ್ ಬಗ್ಗೆ ಕೇಳಿ

"ಸಾರ್, ರಬ್ಬರ್ ಬುಷ್ ಒಂದು ವರ್ಷಕ್ಕೇ ಹೋಯ್ತು. ಈ ಸಲ ಪಿಯು ಹಾಕ್ಬಿಡಿ, ಜನ್ಮಕ್ಕೆ ಬರುತ್ತಂತೆ."

ಹಳೇ ಝೆನ್, ಎಸ್ಟೀಮ್, ಸಿಟಿ ಇಟ್ಟುಕೊಂಡವರು ಗ್ಯಾರೇಜಿಗೆ ಬಂದು ಹೇಳುವ ಮಾತು ಇದು. ಬುಷ್ ಅಂದರೆ ಚಕ್ರ ಹಿಡಿದಿರುವ ತೋಳು ಬಾಡಿಗೆ ಸೇರುವ ಕಡೆ, ಅದುರು ತಡೆಯಲು ಹಾಕುವ ಮೆತ್ತನೆ ಬಳೆ. ಪಿಯು ಅಂದರೆ ಪಾಲಿಯುರೆಥೇನ್, ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್. ನಾನು ತಕ್ಷಣ ಹೂಂ ಅನ್ನುವುದಿಲ್ಲ. ಹೋದ ಸಲ ಬುಷ್ ಹಾಕಿ ಬೋಲ್ಟ್ ಬಿಗಿ ಮಾಡಿದಾಗ ಕಾರು ಜಾಕ್ ಮೇಲಿತ್ತಾ, ನೆಲದ ಮೇಲಿತ್ತಾ ಅಂತ ಕೇಳುತ್ತೇನೆ.

ಮುಂದಿನ ಚಕ್ರವನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್‌ನ ರಬ್ಬರ್ ಬುಷ್ ಬಿಚ್ಚಿ ನೋಡಿ. ಹೊರಗೊಂದು, ಒಳಗೊಂದು ಕಬ್ಬಿಣದ ಸ್ಲೀವ್, ಅಂದರೆ ಕೊಳವೆ. ನಡುವೆ ರಬ್ಬರ್, ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಒಳಗಿನ ಸ್ಲೀವ್ ತಿರುಗುವುದೇ ಇಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗ ರಬ್ಬರ್ ಮಾತ್ರ ತಿರುಚಿಕೊಂಡು ವಾಪಸ್ ಬರುತ್ತದೆ. ಈಗ ಕಾರು ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದರೆ? ಕಾರು ಇಳಿಸಿದ ಗಳಿಗೆಯಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಮನೆ ಮುಂದೆ ಸುಮ್ನೆ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಅದರ ಮೇಲೆ ನಮ್ಮೂರಿನ ಹಂಪು, ಗುಂಡಿ. ಸ್ಲೀವ್ ಪಕ್ಕದಲ್ಲೇ ಸೀಳು ಬಿಡುತ್ತದೆ. ಬೈಗುಳ ಮಾತ್ರ ರಬ್ಬರಿಗೆ.

ಬೋಲ್ಟನ್ನು ಮೊದಲು ಕೈಬಿಗಿಯಷ್ಟೇ ಬಿಡಬೇಕು. ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಬಾನೆಟ್ ಒತ್ತಿ ನಾಲ್ಕು ಸಲ ಕುಣಿಸಿ, ಆಮೇಲೆ ಪಿಟ್‌ಗೆ ಇಳಿದು ಟಾರ್ಕ್ ರೆಂಚ್ (ಅಳತೆ ನೋಡಿ ಬಿಗಿ ಮಾಡುವ ಪಾನಾ) ಹಾಕಬೇಕು. ಪಿಟ್ ಇಲ್ಲದಿದ್ದರೆ ಆರ್ಮ್ ಕೆಳಗೆ ಜಾಕ್ ಕೊಟ್ಟು, ಕಾರು ನಿಂತಾಗಿನ ಎತ್ತರಕ್ಕೆ ತಂದು ಬಿಗಿ ಮಾಡಬಹುದು. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಪಿಯು ಕೆಲಸ ಮಾಡುವ ರೀತಿಯೇ ಬೇರೆ. ಅದು ಸ್ಲೀವ್‌ಗೆ ಅಂಟಿರುವುದಿಲ್ಲ, ಅದರ ಮೇಲೆ ಜಾರುತ್ತದೆ. ಹಾಗಾಗಿ ತಿರುಚಿ ಹರಿಯುವ ತೊಂದರೆ ಇಲ್ಲ. ಆದರೆ ಜಾರಬೇಕಾದರೆ ಗ್ರೀಸ್ ಬೇಕು, ಅದೂ ಸಿಲಿಕೋನ್ ಗ್ರೀಸ್. ಡಬ್ಬದಲ್ಲಿರೋ ಮಾಮೂಲಿ ಗ್ರೀಸ್ ಬಳಿದು ಕಳಿಸುವವರಿದ್ದಾರೆ. ಧೂಳು, ಮಳೆನೀರು ಸೇರಿ ಗ್ರೀಸ್ ಒಣಗಿದ ಮೇಲೆ ಪ್ರತಿ ಹಂಪಿಗೂ ಕಿರ್ರ್ ಅನ್ನುತ್ತದೆ. ಮತ್ತೆ ಬಿಚ್ಚಬೇಕು. ಜನ್ಮಕ್ಕೆ ಬರೋ ಬುಷ್ ಅಲ್ವಾ!

ಗಟ್ಟಿತನದಲ್ಲೂ ವ್ಯತ್ಯಾಸ ಇದೆ. ಶೋರ್ ಎ ಅಳತೆಯಲ್ಲಿ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70 ಇದ್ದರೆ, ಪಿಯು 80, 90ರ ಆಸುಪಾಸು. ಎಲ್ ಆಕಾರದ ಲೋವರ್ ಆರ್ಮ್‌ನ ಹಿಂದಿನ ದೊಡ್ಡ ಬುಷ್ ನೋಡಿ, ರಬ್ಬರಿನಲ್ಲಿ ಬೇಕಂತಲೇ ಖಾಲಿ ಜಾಗ ಬಿಟ್ಟಿರುತ್ತಾರೆ. ಗುಂಡಿಗೆ ಬಿದ್ದಾಗ ಚಕ್ರ ಒಂಚೂರು ಹಿಂದೆ ಸರಿದು ಏಟು ತಿನ್ನಲಿ ಅಂತ. ಅಲ್ಲಿ ಗಟ್ಟಿ ಪಿಯು ತುರುಕಿದರೆ ಆ ಏಟು ನೇರ ಬಾಡಿಗೆ, ಬ್ರಾಕೆಟ್ಟಿಗೆ. ಇಪ್ಪತ್ತು ವರ್ಷದ ತುಕ್ಕು ಹಿಡಿದ ಬ್ರಾಕೆಟ್ ಎಷ್ಟು ತಡೆಯುತ್ತದೆ? ಹಿಂದಿನ ಚಕ್ರವನ್ನು ಹಿಡಿದಿರುವ ಟ್ರೇಲಿಂಗ್ ಆರ್ಮ್ ಬುಷ್ ಕೂಡ ಹಾಗೇ. ಒಂದೇ ಚಕ್ರ ಎದ್ದಾಗ ಅದು ಪಕ್ಕಕ್ಕೂ ಬಾಗಬೇಕು. ಪಿಯು ಅಷ್ಟು ಬಾಗುವುದಿಲ್ಲ.

ನಾನು ಖುಷಿಯಿಂದ ಪಿಯು ಹಾಕುವ ಜಾಗ, ಎಡ ಬಲ ಎರಡೂ ಕಡೆಯ ಚಕ್ರಗಳನ್ನು ಜೋಡಿಸುವ ಕಬ್ಬಿಣದ ಸರಳಿನ, ಅಂದರೆ ಸ್ಟೆಬಿಲೈಸರ್ ಬಾರ್‌ನ ನಡುವಿನ ಬುಷ್. ತಿರುವಿನಲ್ಲಿ ಕಾರು ವಾಲುವುದು ಕಡಿಮೆ ಆಗುತ್ತದೆ, ಸವಾರಿಯ ಮೆತ್ತಗಿನ ಗುಣ ಹೆಚ್ಚು ಕೆಡುವುದಿಲ್ಲ. ಮಾರುತಿ 800 ಇದಕ್ಕೆ ಹೊರತು. ಅದರಲ್ಲಿ ಆ ಬಾರೇ ಲೋವರ್ ಆರ್ಮನ್ನು ಹಿಂದೆ ಮುಂದೆ ಓಡಾಡದ ಹಾಗೆ ಹಿಡಿದಿರುತ್ತದೆ. ಬುಷ್ ಸವೆದರೆ ಬ್ರೇಕ್ ಒತ್ತಿದಾಗ ಟಕ್ ಅನ್ನುತ್ತದೆ, ಸ್ಟೀರಿಂಗ್ ಎಳೆಯುತ್ತದೆ. ಅಲ್ಲಿ ಪಿಯು ಹಾಕಿದರೆ ಬ್ರೇಕ್ ನೆಟ್ಟಗಾಗುತ್ತದೆ, ಗುಂಡಿಯ ಏಟೂ ಕೈಗೆ ಬರುತ್ತದೆ. ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಆಫೀಸಿಗೆ ಹೋಗುವವರಿಗೆ ನಾನು ರಬ್ಬರನ್ನೇ ಹೇಳುತ್ತೇನೆ.

ಆಯಿಲ್ ಸೋರುವ ಕಾರಾದರೆ ಮೊದಲು ಸೋರಿಕೆ ನಿಲ್ಲಿಸಿ. ಎಣ್ಣೆ ಬಿದ್ದ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಪಿಯು ಅದನ್ನು ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಆಯಿಲ್ ಸೀಲ್ ಬದಲು ಬುಷ್ ಹಾಕುವುದು ರಿಪೇರಿ ಅಲ್ಲ.

ಕಾಂಟೆಸ್ಸಾ, ಪದ್ಮಿನಿ ಇಟ್ಟವರ ಕಷ್ಟ ಬೇರೆ. ಜೆ.ಸಿ. ರಸ್ತೆಯಲ್ಲಿ ಹುಡುಕಿ ಹಳೇ ಸ್ಟಾಕಿನ ಒರಿಜಿನಲ್ ಬುಷ್ ತರುತ್ತಾರೆ, ಪ್ಯಾಕೆಟ್ ಕೂಡ ಒಡೆದಿರುವುದಿಲ್ಲ. ಆದರೆ ರಬ್ಬರ್ ಡಬ್ಬದೊಳಗೂ ಮುದಿಯಾಗುತ್ತದೆ. ಉಗುರಲ್ಲಿ ಒತ್ತಿ ನೋಡಿ. ಕಲ್ಲಿನಂತಿದ್ದರೆ, ಮಡಿಸಿದಾಗ ಸಣ್ಣ ಬಿರುಕು ಕಂಡರೆ ಅಂಗಡಿಯಲ್ಲೇ ವಾಪಸ್ ಕೊಡಿ. ಹೊಸದಾಗಿ ಮಾಡಿದ ರಬ್ಬರ್ ಎಲ್ಲೂ ಸಿಗದಿದ್ದರೆ ಪಿಯು ಹಾಕಿ, ಸ್ವಲ್ಪ ಮೆತ್ತಗಿನ ಗ್ರೇಡ್ ಕೇಳಿ. ಕೆಂಪು, ಹಳದಿ ಬಣ್ಣ ನೋಡಿ ಗಟ್ಟಿತನ ಅಳೆಯಬೇಡಿ, ಒಬ್ಬೊಬ್ಬ ತಯಾರಕರದು ಒಂದೊಂದು ಬಣ್ಣ.

ಯಾವುದು ಹಾಕಿದರೂ ಎಡ, ಬಲ ಎರಡೂ ಒಟ್ಟಿಗೆ ಬದಲಾಯಿಸಿ. ಅವತ್ತೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಬುಷ್‌ಗೆ ಕೊಟ್ಟ ದುಡ್ಡಿನ ಜೊತೆ ಟೈರಿನ ದುಡ್ಡೂ ಹೋಗುತ್ತದೆ.