ಟೊಮೆಟೊಗೂ ರೆಪೊ ದರಕ್ಕೂ ಏನು ನಂಟು?

ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕ್ ಗವರ್ನರ್ ಟಿವಿಯಲ್ಲಿ ಕಾಣಿಸಿಕೊಂಡಾಗ ಒಂದೇ ಮನೆಯಲ್ಲಿ ಎರಡು ಹರಕೆ ಹೊತ್ತಿರುತ್ತಾರೆ. ಗೃಹಸಾಲದ ಕಂತು ಕಟ್ಟುವ ಮಗನಿಗೆ ರೆಪೊ ದರ ಇಳಿಯಬೇಕು. ಎಫ್‌ಡಿ ಬಡ್ಡಿಯಲ್ಲಿ ಮಾತ್ರೆ ತರುವ ಅಪ್ಪನಿಗೆ ಇಳಿಯಬಾರದು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಅಲ್ಪಾವಧಿ ಸಾಲದ ಬಡ್ಡಿ ಅದು, ಅಷ್ಟೇ. ಆ ಒಂದು ಅಂಕಿಗೆ ಇಷ್ಟು ತೂಕ ಬಂದದ್ದು ತೀರಾ ಈಚೆಗೆ.

ಬಹುಕಾಲ ಬಡ್ಡಿ ದರ ಎಂಬುದು ದಿಲ್ಲಿಯ ಖರ್ಚಿನ ಹಿಂದೆ ನಡೆಯುವ ಸಂಗತಿಯಾಗಿತ್ತು. ಮಂಗಳೂರು ಮೂಲದ ಬೆನಗಲ್ ರಾಮರಾವ್ ಹಣಕಾಸು ಸಚಿವಾಲಯದೊಂದಿಗೆ ಹೊಂದಿಕೆಯಾಗದೆ ಗವರ್ನರ್ ಹುದ್ದೆ ಬಿಟ್ಟದ್ದು 1957ರಲ್ಲಿ. 1969ರಲ್ಲಿ ಕೆನರಾ, ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ತೊಂಬತ್ತರ ದಶಕದ ಆರಂಭದಲ್ಲಂತೂ 100 ರೂಪಾಯಿ ಠೇವಣಿಯಲ್ಲಿ 38.50 ಸರ್ಕಾರಿ ಬಾಂಡಿನಂಥವಕ್ಕೆ, 15 ರಿಸರ್ವ್ ಬ್ಯಾಂಕಿನ ತಿಜೋರಿಗೆ ಮೀಸಲು. 1991ರಲ್ಲಿ ಚಿನ್ನ ಅಡವಿಟ್ಟದ್ದು ಎಲ್ಲರಿಗೂ ನೆನಪಿದೆ. ಕೊರತೆ ಬಿದ್ದಾಗಲೆಲ್ಲ ಅಡ್‌ಹಾಕ್ ಖಜಾನೆ ಹುಂಡಿ ಬರೆದು ರಿಸರ್ವ್ ಬ್ಯಾಂಕಿನಿಂದ ದುಡ್ಡು ಪಡೆಯುವ ಪದ್ಧತಿ 1997ರಲ್ಲಿ ನಿಂತದ್ದು ಯಾರಿಗೂ ನೆನಪಿಲ್ಲ. ನನ್ನ ಪ್ರಕಾರ ಎರಡನೆಯದೇ ದೊಡ್ಡ ಘಟನೆ.

ಈಗಿನ ಗೋಜಲು ಶುರುವಾದದ್ದು 2008ರ ನಂತರ. ಜಾಗತಿಕ ಕುಸಿತಕ್ಕೆ ಹೆದರಿ ರೆಪೊ ದರವನ್ನು ಆರೇಳು ತಿಂಗಳಲ್ಲಿ ಶೇ 9ರಿಂದ 4.75ಕ್ಕೆ ಇಳಿಸಲಾಯಿತು. ಬೆಳವಣಿಗೆ ಮರಳಿತು, ಜತೆಗೇ ಬೆಲೆಯೂ ಏರಿತು. ದರ ಏರಿಸಿದರೆ ಸಾಲ ದುಬಾರಿಯಾಗಿ, ಖರೀದಿ ತಗ್ಗಿ ಬೆಲೆ ತಣಿಯಬೇಕು ಎಂಬುದು ಲೆಕ್ಕ. 2010ರ ಮಾರ್ಚ್‌ನಿಂದ 2011ರ ಅಕ್ಟೋಬರ್‌ವರೆಗೆ 13 ಬಾರಿ ದರ ಏರಿಸಿ 8.5ಕ್ಕೆ ತಂದರೂ ಬೇಳೆ, ಹಾಲು, ಮೊಟ್ಟೆ, ತರಕಾರಿ ಮಾತು ಕೇಳಲಿಲ್ಲ. ಆಗ ಅಳೆಯುತ್ತಿದ್ದ ಕೋಲು ಸಗಟು ಬೆಲೆ ಸೂಚ್ಯಂಕ. ಮನೆ ಬಾಡಿಗೆಯಾಗಲಿ ಶಾಲೆಯ ಫೀಸಾಗಲಿ ಅದರಲ್ಲಿಲ್ಲ. ಗ್ರಾಮ, ನಗರ ಎರಡನ್ನೂ ಸೇರಿಸಿದ ಚಿಲ್ಲರೆ ಬೆಲೆ ಸೂಚ್ಯಂಕ ಬಂದದ್ದೇ 2011ರಲ್ಲಿ. ಬ್ಯಾಂಕಿನ ಬಡ್ಡಿ ಹಣದುಬ್ಬರಕ್ಕೆ ಸಾಲದೆ ಜನ ಚಿನ್ನ ಕೊಂಡರು. ಚಿನ್ನಕ್ಕೂ ಕಚ್ಚಾತೈಲಕ್ಕೂ ಡಾಲರ್ ಸುರಿದು ಚಾಲ್ತಿ ಖಾತೆ ಕೊರತೆ (ಆಮದು, ರಫ್ತಿನಂಥ ವಹಿವಾಟಿನಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಹೊರಹೋಗುವ ಹಣ) 2012-13ರಲ್ಲಿ ಜಿಡಿಪಿಯ ಶೇ 4.8ಕ್ಕೆ ಮುಟ್ಟಿತು. 2013ರ ಮೇನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ 'ಬಾಂಡ್ ಖರೀದಿ ತಗ್ಗಿಸಬಹುದು' ಎಂದಿದ್ದೇ ತಡ, ಹೂಡಿಕೆಯ ಡಾಲರ್ ಹೊರನಡೆದು ಆಗಸ್ಟ್ ಕೊನೆಗೆ ಡಾಲರಿಗೆ 69 ರೂಪಾಯಿಯ ಹತ್ತಿರ.

ಆ ಸೆಪ್ಟೆಂಬರಿನಲ್ಲಿ ಗವರ್ನರ್ ಆದ ರಘುರಾಮ್ ರಾಜನ್, ಊರ್ಜಿತ್ ಪಟೇಲ್ ನೇತೃತ್ವದ ಸಮಿತಿ ನೇಮಿಸಿದರು. ಚಿಲ್ಲರೆ ಹಣದುಬ್ಬರವನ್ನು ಶೇ 4ರಲ್ಲಿಡಬೇಕು, ಎರಡು ಅಂಶ ಅತ್ತಿತ್ತ ಆದರೆ ಸರಿ ಎಂದಿತು ಅದರ ವರದಿ. 2016ರಲ್ಲಿ ಇದು ಕಾನೂನಾಗಿ, ಗವರ್ನರ್ ಒಬ್ಬರ ಕೈಯಲ್ಲಿದ್ದ ತೀರ್ಮಾನ ಆರು ಜನರ ಹಣಕಾಸು ನೀತಿ ಸಮಿತಿಗೆ ಹೋಯಿತು.

ಬಡ್ಡಿ ಇಳಿದರೆ ಪಿಂಚಣಿದಾರರಿಗೆ ನಷ್ಟವಲ್ಲವೇ ಎಂಬುದಕ್ಕೆ ರಾಜನ್ 2016ರಲ್ಲಿ ದೋಸೆಯ ಲೆಕ್ಕ ಹೇಳಿದರು. ದೋಸೆಗೆ 50 ರೂಪಾಯಿ (ಆ ಕಾಲ!) ಎಂದಿಟ್ಟುಕೊಳ್ಳಿ, ಒಂದು ಲಕ್ಷಕ್ಕೆ 2,000 ದೋಸೆ. ಬಡ್ಡಿಯೂ ಬೆಲೆಯೇರಿಕೆಯೂ ಶೇ 10 ಆದರೆ ವರ್ಷದ ಬಳಿಕವೂ ಅಷ್ಟೇ ದೋಸೆ. ಬಡ್ಡಿ 8, ಬೆಲೆಯೇರಿಕೆ 5.5 ಆದರೆ ಸುಮಾರು 2,047. ಲೆಕ್ಕ ಸರಿಯೇ. ಆದರೆ ಪಾಸ್‌ಬುಕ್ಕಿನಲ್ಲಿ ಕಾಣುವುದು ಬಡ್ಡಿ, ದೋಸೆಯಲ್ಲ.

ಕಾನೂನಿಗೆ ಕಷ್ಟ ಬಂದದ್ದು ಬೇರೆ ಕಡೆಯಿಂದ. ಆಗಿನ ಚಿಲ್ಲರೆ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯದ ಪಾಲು ಶೇ 45.86 ಇತ್ತು. ಮಳೆ ಕೈಕೊಟ್ಟರೆ ಅಂಕಿ ಜಿಗಿಯುತ್ತದೆ. ರೆಪೊ ದರ ಏರಿಸಿದರೆ ಮಳೆ ಬರುವುದಿಲ್ಲ. 2022ರಲ್ಲಿ ಯುಕ್ರೇನ್ ಯುದ್ಧದ ಬಿಸಿಗೆ ಹಣದುಬ್ಬರ ಸತತ ಮೂರು ತ್ರೈಮಾಸಿಕ ಶೇ 6ರ ಗಡಿ ದಾಟಿತು. ನಿಯಮದಂತೆ ಸರ್ಕಾರಕ್ಕೆ ವಿವರಣೆಯ ಪತ್ರ ಹೋಯಿತು. ಕಂತು ಕಟ್ಟುವವರಿಗೆ ಅದನ್ನು ಓದುವ ಭಾಗ್ಯವಿರಲಿಲ್ಲ, ಬಹಿರಂಗಪಡಿಸಲಿಲ್ಲ. ಅಷ್ಟರಲ್ಲಿ 4ರಲ್ಲಿದ್ದ ದರ 6.5ರ ಹಾದಿ ಹಿಡಿದಿತ್ತು. ಎಷ್ಟೋ ಮನೆಗಳಲ್ಲಿ ಕಂತಿನ ಮೊತ್ತ ಹಾಗೇ ಉಳಿದು ಸಾಲದ ವರ್ಷಗಳು ಸದ್ದಿಲ್ಲದೆ ಉದ್ದವಾದವು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಮುಗಿಲು ಮುಟ್ಟಿದಾಗ ಹಣದುಬ್ಬರ 7.44. ಇದು ಹೋಗಿಬರುವ ನೆಂಟ ಎಂದು ಸಮಿತಿ ದರ ಕದಲಿಸಲಿಲ್ಲ. ಸರಿಯಾಗಿಯೇ ಮಾಡಿತು. ಆಹಾರವನ್ನು ಗುರಿಯಿಂದಲೇ ಹೊರಗಿಡಬಹುದೇ ಎಂದು 2024ರ ಆರ್ಥಿಕ ಸಮೀಕ್ಷೆ ಕೇಳಿತು. ಊಟವೇ ದೊಡ್ಡ ಖರ್ಚಾಗಿರುವ ಮನೆಗಳಿಗೆ ಅದನ್ನು ವಿವರಿಸುವುದು ಸುಲಭವಲ್ಲ.

2025ರಲ್ಲಿ ಚಕ್ರ ತಿರುಗಿತು. ಫೆಬ್ರುವರಿಯಿಂದ ಇಳಿಯತೊಡಗಿದ ದರ ಡಿಸೆಂಬರಿಗೆ 5.25. ಜುಲೈ–ಸೆಪ್ಟೆಂಬರಿನ ಬೆಳವಣಿಗೆ ಶೇ 8.2, ಅಕ್ಟೋಬರಿನ ಹಣದುಬ್ಬರ ಬರೀ 0.25. ಅರ್ಥಶಾಸ್ತ್ರಜ್ಞರು ಬೀಗಿದರು. ಆ ತಿಂಗಳು ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಬಿದ್ದಿತ್ತು. ಅದನ್ನು ಬೆಳೆದವರ ಸಾಲದ ಕಂತು ಬಿದ್ದಿರಲಿಲ್ಲ.