ನಮ್ಮ ಹೆಣ್ಣುಮಕ್ಕಳಿಗೆ ಓಟು ಕೇಳದೆಯೇ ಸಿಕ್ಕಿತಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹೆಂಗಸರು ಓಟಿಗಾಗಿ ಜೈಲಿಗೆ ಹೋದರು, ಉಪವಾಸ ಕೂತರು ಅಂತ ಓದಿದ್ದೇನೆ. ನಮ್ಮಲ್ಲಿ ಸಂವಿಧಾನ ಬಂದಾಗಲೇ ಎಲ್ಲರಿಗೂ ಓಟು ಬಂತು. ಹಾಗಾದರೆ ಭಾರತದ ಮಹಿಳೆಯರು ಓಟಿಗಾಗಿ ಹೋರಾಡಲೇ ಇಲ್ವಾ?

ಉತ್ತರ: ಹೋರಾಡಿದರು. ಸಂವಿಧಾನ ಬರುವುದಕ್ಕೆ 32 ವರ್ಷ ಮೊದಲೇ ಶುರು ಮಾಡಿದ್ದರು.

1917ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರದ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಿದ್ದರು. ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗ ಹೋಗಿ ಅವರನ್ನು ಕಂಡಿತು. ಮನವಿ ಸಿದ್ಧಪಡಿಸಿದ್ದರಲ್ಲಿ ಐರ್ಲೆಂಡಿನಿಂದ ಬಂದು ಇಲ್ಲೇ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್ ಅವರ ಪಾತ್ರ ದೊಡ್ಡದು. ಅವರು ಕೇಳಿದ್ದೇನು ಗೊತ್ತಾ? ಮತದಾನದ ನಿಯಮ ಬರೆಯುವಾಗ ಹೆಂಗಸರನ್ನೂ ‘ಜನ’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ, ಅಂತ. ಅಷ್ಟನ್ನೂ ಕೇಳಿ ಪಡೆಯಬೇಕಿತ್ತಲ್ಲ ಎಂದು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಕೇಳಿದರೂ ಕೊಡಲಿಲ್ಲ. ಯಾರಿಗೆ ಓಟು ಕೊಡಬೇಕೆಂದು ನೋಡಲು ಬ್ರಿಟಿಷರು ನೇಮಿಸಿದ್ದ ಸೌತ್‌ಬರೋ ಸಮಿತಿ, ಪರ್ದಾ ಇರುವ ಸಮಾಜದಲ್ಲಿ ಇದು ಆಗದ ಮಾತು ಎಂದು ಕೈಬಿಟ್ಟಿತು. ಹೀರಾಬಾಯಿ ಟಾಟಾ ಮತ್ತು ಮಗಳು ಮಿಥಾನ್ 1919ರಲ್ಲಿ ಲಂಡನ್ನಿಗೇ ಹೋಗಿ ವಾದ ಮಂಡಿಸಿದರು. ಕೊನೆಗೆ ಬ್ರಿಟಿಷರು ತೀರ್ಮಾನವನ್ನು ಆಯಾ ಪ್ರಾಂತ್ಯಗಳಿಗೆ ಬಿಟ್ಟರು. ಮದ್ರಾಸ್ ಮತ್ತು ಬೊಂಬಾಯಿ 1921ರಲ್ಲಿ ಒಪ್ಪಿದವು. ಆದರೆ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಓಟು. ಎಷ್ಟು ಹೆಂಗಸರ ಹೆಸರಿನಲ್ಲಿ ಆಸ್ತಿ ಇತ್ತು ಹೇಳಿ?

ಇಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಬರುತ್ತಾರೆ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1926ರಲ್ಲಿ ಅಲ್ಲಿಂದಲೇ ಶಾಸನಸಭೆಗೆ ನಿಂತರು, ವಯಸ್ಸು 23. ಪ್ರಚಾರಕ್ಕೆ ಸಿಕ್ಕಿದ್ದು ಸ್ವಲ್ಪವೇ ಸಮಯ. ಸೋತರು, ಅದೂ ಸ್ವಲ್ಪದರಲ್ಲಿ. ಓಟು ಹಾಕುವ ಹೆಂಗಸರೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಓಟು ಕೇಳಲು ಹೊರಟ ಆ ಧೈರ್ಯ ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ.

ಬ್ರಿಟಿಷರು ತಂದ 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಆಸ್ತಿವಂತರ ಹೆಂಡತಿ ಅಥವಾ ವಿಧವೆ ಎಂಬ ಲೆಕ್ಕದಲ್ಲೂ ಓಟು ಕೊಟ್ಟರು. ಮಹಿಳಾ ಸಂಘಟನೆಗಳಿಗೆ ಇದು ಸಮಾಧಾನ ತರಲಿಲ್ಲ. ಗಂಡನ ಲೆಕ್ಕದಲ್ಲಿ ಬೇಡ, ವಯಸ್ಕರೆಲ್ಲರಿಗೂ ಕೊಡಿ ಎಂದು ರಾಜಕುಮಾರಿ ಅಮೃತ್ ಕೌರ್, ಮುತ್ತುಲಕ್ಷ್ಮಿ ರೆಡ್ಡಿ ಮೊದಲಾದವರು ಲಂಡನ್ನಿನವರೆಗೂ ಹೋಗಿ ಹೇಳಿ ಬಂದಿದ್ದರು. ವಯಸ್ಕರೆಲ್ಲರಿಗೂ ಓಟು ಕೊಡುವ ಸಂವಿಧಾನದ 326ನೇ ವಿಧಿಯ ಹಿಂದೆ ಇಷ್ಟೆಲ್ಲ ಓಡಾಟ ಇದೆ.

ಹಕ್ಕು ಬಂತು, ಸರಿ. ಪಟ್ಟಿಯಲ್ಲಿ ಹೆಸರು ಬರಬೇಕಲ್ವಾ? ಮೊದಲ ಚುನಾವಣೆಗೆ ಪಟ್ಟಿ ಮಾಡಲು ಹೋದವರಿಗೆ ಉತ್ತರ ಭಾರತದ ಎಷ್ಟೋ ಮನೆಗಳಲ್ಲಿ ಹೆಂಗಸರ ಹೆಸರೇ ಸಿಗಲಿಲ್ಲ. ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಹೇಳಿದರು. ಪರರಿಗೆ ಹೆಸರು ಹೇಳುವ ರೂಢಿ ಇರಲಿಲ್ಲ. ನಮ್ಮ ಕಡೆ ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪು ಕಟ್ಟಿ ಹೇಳುತ್ತಿದ್ದರಲ್ಲ, ಅಲ್ಲಿ ಅವಳ ಹೆಸರೇ ಮುಚ್ಚಿಹೋಗಿತ್ತು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು: ಸ್ವಂತ ಹೆಸರು ಬೇಕೇ ಬೇಕು. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಜನ ಪಟ್ಟಿಯಿಂದ ಹೊರಗುಳಿದರು. ಕಠಿಣ ನಿರ್ಧಾರ, ಆ ಸಲ ಅಷ್ಟು ಓಟು ಹೋಯಿತು. ಆದರೂ ಅದು ಸರಿ ಎಂದೇ ನನಗೆ ಅನಿಸುತ್ತದೆ. ಮುಂದಿನ ಸಲ ಹೆಂಗಸರು ಸ್ವಂತ ಹೆಸರಿನಲ್ಲೇ ಪಟ್ಟಿಗೆ ಬರಬೇಕಾಯಿತು.

1962ರಲ್ಲಿ ಗಂಡಸರ ಮತದಾನ ಶೇ 63, ಹೆಂಗಸರದು ಶೇ 47ರ ಆಸುಪಾಸು. 2019ರ ಲೋಕಸಭಾ ಚುನಾವಣೆಯಲ್ಲಿ ಹೆಂಗಸರು ಗಂಡಸರನ್ನು ಕೂದಲೆಳೆಯಷ್ಟು ದಾಟಿದರು. 2024ರಲ್ಲೂ ಹಾಗೇ ಆಯಿತು.

ಆ ಹಳೆಯ ಹೆಸರುಗಳನ್ನು ಗೌರವಿಸುವಾಗ ನಾನು ಇನ್ನೊಂದು ಗುಂಪನ್ನೂ ಸೇರಿಸುತ್ತೇನೆ. ಇವತ್ತು ನಮ್ಮಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿಗಳಾಗಿ, ಅಂದರೆ ಬಿಎಲ್ಒಗಳಾಗಿ, ಮನೆಮನೆ ಸುತ್ತುವವರಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ತುಂಬಾ ಜನ. ತಮ್ಮ ದಿನದ ಕೆಲಸದ ಜೊತೆಗೇ ಇದನ್ನೂ ಮಾಡುತ್ತಾರೆ. ಮದುವೆಯಾಗಿ ಊರು ಬಿಟ್ಟ ಹುಡುಗಿಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿದ್ದರೆ ಅದನ್ನು ಗಂಡನ ಊರಿಗೆ ವರ್ಗಾಯಿಸಲು ನಮೂನೆ 8 ತುಂಬಬೇಕು. ಹೊಸದಾಗಿ 18 ತುಂಬಿದವರಿಗೆ ನಮೂನೆ 6. ಅನುಮಾನ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ನಿಮ್ಮ ಬೀದಿಗೆ ಬರುವ ಬಿಎಲ್ಒ ಅಕ್ಕನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಕೂರಿಸಿ, ಒಂದು ಲೋಟ ನೀರು ಕೊಡಿ. ಮನೆಯ ಹೆಂಗಸರು ತಮ್ಮ ಹೆಸರನ್ನು ತಾವೇ ಹೇಳಲಿ.